ಒಣದ್ರಾಕ್ಷಿಯ ರ‍್ಯಾಕಿನ ಮೇಲೆ ಬ್ರೇಕು

ನಾನು ಈಗ ಹೇಳಲಿರುವುದನ್ನು ನೀವು ನಂಬುವುದಿಲ್ಲ. ನಂಬಲೇಬೇಕೆಂಬ ಹಟ ನನಗೂ ಇಲ್ಲ. ನನ್ನ ಗೆಳತಿಯರು ನನ್ನ ಮಾತಿನ ಅರ್ಧವನ್ನು ಗಾಳಿಗೆ ತೂರಿ ಉಳಿದರ್ಧವನ್ನು ನಗುವುದಕ್ಕೆ ಇಟ್ಟುಕೊಳ್ಳುತ್ತಾರೆ, ನೀವೂ ಹಾಗೇ ಮಾಡಬಹುದು. ಶುಕ್ರವಾರ ಸಂಜೆ ನಾನು ಅಡುಗೆಮನೆಗೆ ಕಾಲಿಟ್ಟಾಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕಾರಿನ ಹೊಚ್ಚ ಹೊಸ ಬ್ರೇಕ್ ಡಿಸ್ಕನ್ನು ಒಲೆಯ ಮೇಲೆ ಇಟ್ಟುಕೊಂಡು, ಪಕ್ಕದಲ್ಲಿ ಜೋಳದ ಹಿಟ್ಟು ನಾದಿಕೊಂಡು, ರೊಟ್ಟಿ ಬಡಿಯುವುದಕ್ಕೆ ತೋಳು ಏರಿಸಿ ಕೂತಿದ್ದಳು. ಒಲೆಗೆ ಇನ್ನೂ ಬೆಂಕಿ ಕೊಟ್ಟಿರಲಿಲ್ಲ ಎನ್ನುವುದೊಂದೇ ನನ್ನ ಪುಣ್ಯ.

"ಹಂಚ ಭಾರಿ ಗಟ್ಟಿ ಐತಿ ಬಿಡ," ಎಂದಳು ಆಯಿ, ಡಿಸ್ಕನ್ನು ಮೆಚ್ಚುಗೆಯಿಂದ ತಟ್ಟುತ್ತ. "ಆದರ ನಡುವ ಈ ಟೊಪಗಿ ಯಾಕ ಬೇಕಾಗಿತ್ತ? ರೊಟ್ಟಿ ಉಬ್ಬೂದ ಹೆಂಗ?"

"ಆಯಿ, ಅದ ಹಂಚಲ್ಲ. ಗಾಡಿ ನಿಂದ್ರಸೂದು."

"ಗಾಡಿ ನಿಂದ್ರಸಾಕ ಇಷ್ಟ ದೊಡ್ಡ ಹಂಚ ಬೇಕೇನ? ನಿಮ್ಮಜ್ಜ ಬಾಯಿಲೆ ಹೋ ಅಂದ್ರ ಎತ್ತ ನಿಂದರತಿದ್ದು."

ಆ ಡಿಸ್ಕು ಯಾಕೆ ನಮ್ಮ ಅಡುಗೆಮನೆಗೆ ಬಂತು ಎಂಬುದನ್ನು ಹೇಳುವ ಮೊದಲು ನನ್ನ ಬಗ್ಗೆ ಎರಡು ಮಾತು. ಕಾಗವಾಡದ ಕಡೆಯ ಒಂದು ದ್ರಾಕ್ಷಿ ತೋಟದಲ್ಲಿ ನಮ್ಮ ಮನೆ. ನನ್ನ ಹೆಸರು ಪದ್ಮಾ, ಮನೆಯಲ್ಲಿ ಪದ್ದಿ. ಅಥಣಿಯ ಕಾಲೇಜಿನಲ್ಲಿ ಮೊದಲ ವರ್ಷ. ಹದಿನೆಂಟು ತುಂಬಿದೊಡನೆ ಲೈಸೆನ್ಸು ಮಾಡಿಸಿದೆ, ಮತ್ತು ಅಂದಿನಿಂದ ಕೃಷ್ಣೆಯ ಈ ದಂಡೆಯಲ್ಲಿ ನನ್ನಷ್ಟು ಚೆಂದ ಗಾಡಿ ಓಡಿಸುವವರು ಯಾರೂ ಇಲ್ಲ ಎಂಬ ಅಭಿಪ್ರಾಯವನ್ನು ಬಹಳ ಜನ ಹೊಂದಿದ್ದಾರೆ. ಆ ಬಹಳ ಜನ ಎಂದರೆ ನಾನು ಮತ್ತು ಸುಕುಮಾರ ಕಾಕಾ.

ಸುಕುಮಾರ ಕಾಕಾ ಅಪ್ಪನ ತಮ್ಮ. ನಮ್ಮ ಟ್ರ್ಯಾಕ್ಟರನ್ನು ಅವನೇ ಬಿಚ್ಚುತ್ತಾನೆ, ಅವನೇ ಜೋಡಿಸುತ್ತಾನೆ. ಜೋಡಿಸಿದ ಮೇಲೆ ಪ್ರತಿಸಲವೂ ಒಂದೆರಡು ನಟ್ಟು ಉಳಿಯುತ್ತವೆ, ಅದನ್ನು ಅವನು ಉಳಿತಾಯ ಎಂದು ಕರೆಯುತ್ತಾನೆ. ಕೊಗನೊಳ್ಳಿ ದಾಟಿ ಕೊಲ್ಲಾಪುರದ ಕಡೆಗೆ ಹೋದರೆ ಒಂದು ಸಣ್ಣ ರೇಸ್ ಟ್ರ್ಯಾಕ್ ಇದೆಯೆಂದೂ, ಕೆಲವು ಭಾನುವಾರ ಅಲ್ಲಿ ಮೊದಲ ಸಲ ಬರುವವರು ತಮ್ಮ ಮನೆಯ ಗಾಡಿಯನ್ನೇ ತಂದು, ಕಲಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುತ್ತು ಹಾಕಬಹುದೆಂದೂ ಪತ್ತೆ ಹಚ್ಚಿದವನು ಅವನೇ. ಅಂದಿನಿಂದ ನನಗೆ ಹಗಲಿಗೂ ಕನಸಿಗೂ ನಡುವೆ ಇದ್ದ ಬೇಲಿ ಕಿತ್ತುಹೋಯಿತು. ಅಥಣಿಯ ಬಸ್ಸಿನಲ್ಲಿ ಕೂತರೆ ಕಿಟಕಿಯಾಚೆ ಕಬ್ಬಿನ ಗದ್ದೆಗಳು ಬಾಗಿ ಬಾಗಿ ತಿರುವುಗಳಾದವು. ಅರ್ಥಶಾಸ್ತ್ರದ ಮೇಷ್ಟ್ರು ಹಲಗೆಯ ಮೇಲೆ ಎಳೆದ ಬೇಡಿಕೆಯ ರೇಖೆಯೂ ಒಂದು ಎಡ ತಿರುವಾಗಿ, ಅದರಲ್ಲಿ ಎಲ್ಲಿ ಬ್ರೇಕ್ ಒತ್ತಬೇಕು ಎಂದು ನನ್ನ ಬಲಗಾಲು ತಾನೇ ಲೆಕ್ಕ ಹಾಕತೊಡಗಿತು.

ಆದರೆ ಗಾಡಿ ಅಪ್ಪನದು. ಬಿಳಿ ಬಣ್ಣದ್ದು, ಅಂದರೆ ಒಂದು ಕಾಲಕ್ಕೆ ಬಿಳಿ. ಒಣದ್ರಾಕ್ಷಿಯ ಮಾದರಿಯನ್ನು ಪೇಟೆಗೆ ಒಯ್ದು ಒಯ್ದು ಅದರ ಸೀಟಿನ ಸಂದಿಗಳಲ್ಲಿ ಎಷ್ಟು ದ್ರಾಕ್ಷಿ ಸೇರಿಕೊಂಡಿವೆಯೆಂದರೆ, ದಾರಿಯಲ್ಲಿ ಹಸಿವಾದರೆ ಹೋಟೆಲು ಹುಡುಕಬೇಕಿಲ್ಲ, ಸಂದಿಗೆ ಕೈ ಹಾಕಿದರೆ ಸಾಕು. ಅಪ್ಪನಿಗೆ ಭಾನುವಾರದ ವಿಷಯ ಹೇಳುವ ಹಾಗಿರಲಿಲ್ಲ. ಒಂದು, ಇದು ದ್ರಾಕ್ಷಿ ಒಣಗಿಸುವ ಹಂಗಾಮು, ಮನೆಯ ಪ್ರತಿಯೊಂದು ಕೈಯೂ ಕೆಲಸಕ್ಕೆ ಬೇಕು. ಇನ್ನೊಂದು, ಹೊರಟಲ್ಲಿಗೇ ವಾಪಸು ಬರುವ ದಾರಿಯಲ್ಲಿ ಪೆಟ್ರೋಲು ಸುಡುವುದನ್ನು ಅಪ್ಪ ಯಾವ ಜನ್ಮದಲ್ಲೂ ಒಪ್ಪುವವನಲ್ಲ. ಹೊಸಬರ ಗಾಡಿಯನ್ನು ಟ್ರ್ಯಾಕಿನವರು ಮೊದಲು ಪರೀಕ್ಷೆ ಮಾಡುತ್ತಾರೆ, ಬ್ರೇಕು ಸವೆದಿದ್ದರೆ ಒಳಗೇ ಬಿಡುವುದಿಲ್ಲ. ನಮ್ಮ ಗಾಡಿಯ ಬ್ರೇಕೋ, ಕಚ್ಚುವುದಕ್ಕೆ ಹಲ್ಲೇ ಇಲ್ಲದ ಮುದುಕನಂತಿತ್ತು. ಹೀಗಾಗಿ ನಾನು ಒಂದು ಸಂಜೆ, ಧ್ವನಿಯನ್ನು ಆದಷ್ಟು ಸಪ್ಪೆ ಮಾಡಿಕೊಂಡು, ಅಪ್ಪನ ಪಕ್ಕ ಕೂತೆ.

"ಅಪ್ಪಾ, ನಮ್ಮ ಗಾಡಿ ಬ್ರೇಕ್ ಪೂರಾ ಸವದಾವ್ರಿ."

"ಯಾರ ಹೇಳಿದ್ರ?"

"ನಾನ ನೋಡೇನಿ. ನೀವು ದಿನಾ ಆ ಕೆನಾಲ ಇಳಕಲಿನ್ಯಾಗ ಹೋಗ್ತೀರಿ. ನೀವು ಮನಿಗಿ ಬರೂತನಕ ನನ್ನ ಜೀವಕ್ಕ ಸಮಾಧಾನ ಇರಂಗಿಲ್ಲ."

ಅಪ್ಪ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟು ನನ್ನನ್ನೇ ನೋಡಿದ, ಹೊಸ ಬ್ರೇಕಿಗೆ ದುಡ್ಡು ಎಣಿಸಿ ಕೊಟ್ಟ. ಮರುದಿನ ಹಾಲಿನ ಡೇರಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಬಸದಿಯ ಕಟ್ಟೆಯ ಮೇಲೆ, ಎಲ್ಲೆಲ್ಲಿ ನಾಲ್ಕು ಜನ ಕೂಡುತ್ತಾರೋ ಅಲ್ಲೆಲ್ಲ ಒಂದೇ ಮಾತು: "ಮಂದಿ ಮಕ್ಕಳ ಮೊಬೈಲ್ ಕೇಳ್ತಾವು. ನನ್ನ ಮಗಳ ಬ್ರೇಕ್ ಕೇಳ್ಯಾಳ." ಆ ಮಾತು ಸುತ್ತಿ ಬಳಸಿ ನನ್ನ ಕಿವಿಗೂ ಬಂತು. ಮನಸ್ಸಿನ ಮೂಲೆಯಲ್ಲಿ ಒಂದು ಸಣ್ಣ ಇರುವೆ ಓಡಿದ ಹಾಗಾಯಿತು. ಇರುವೆಯನ್ನು ನೋಯಿಸುವುದು ನಮ್ಮ ಮನೆಯಲ್ಲಿ ಪಾಪ, ಆದ್ದರಿಂದ ಅದನ್ನು ಅದರ ಪಾಡಿಗೆ ಬಿಟ್ಟೆ.

ನೀವು ಎಂದಾದರೂ ಯೋಚಿಸಿದ್ದೀರಾ, ನಮ್ಮ ಸೀಮೆಯಲ್ಲಿ ಓಟಕ್ಕೆ ಇರುವ ಮರ್ಯಾದೆ ನಿಲುಗಡೆಗೆ ಇಲ್ಲವೆಂದು? ವರನ ಕಡೆಯವರು ಬಂದರೆ ಹುಡುಗನ ಬೈಕು ಎಷ್ಟು ಓಡುತ್ತದೆ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಅದು ಎಲ್ಲಿ ನಿಲ್ಲುತ್ತದೆ ಎಂದು ಈವರೆಗೆ ಯಾವ ಬೀಗರೂ ಕೇಳಿದ್ದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರು ಕಟ್ಟಿಕೊಂಡು, ಹಾಡು ಒದರಿಸುತ್ತ ಬರುವ ಟ್ರ್ಯಾಕ್ಟರುಗಳನ್ನು ನೋಡಿ: ಮುಂದೆ ಹೂವಿನ ಹಾರ, ಮೇಲೆ ಬಣ್ಣದ ದೀಪ, ಹಿಂದೆ ಕಬ್ಬಿನ ಗುಡ್ಡ, ಬ್ರೇಕಿನ ಜಾಗದಲ್ಲಿ ದೇವರ ಮೇಲಿನ ಭಾರ. ನಿಲ್ಲುವುದು ಎಂದರೆ ಸೋಲು ಎಂದು ನಾವೆಲ್ಲ ಹೇಗೋ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಟ್ರ್ಯಾಕಿನಲ್ಲಿ ವೇಗವಾಗಿ ಹೋಗುವವರ ವಿಡಿಯೋಗಳನ್ನು ನೋಡುತ್ತ ನೋಡುತ್ತ ನನಗೊಂದು ಜ್ಞಾನೋದಯವಾಯಿತು. ಅವರು ವೇಗವಾಗಿ ಹೋಗುವುದು ತಡವಾಗಿ ಬ್ರೇಕ್ ಒತ್ತಿದರೂ ನಿಲ್ಲಬಲ್ಲೆವು ಎಂಬ ನಂಬಿಕೆಯಿಂದ. ನಿಲ್ಲುವ ಧೈರ್ಯ ಇದ್ದವನಿಗೆ ಮಾತ್ರ ಓಡುವ ಹಕ್ಕು. ಈ ಮಾತನ್ನು ನಾನು ಕಾಕಾನಿಗೆ ಹೇಳಿದಾಗ ಅವನು "ಇದನ್ನ ಟ್ರೇಲರಿನ ಹಿಂದ ಬರಸೂಣ," ಎಂದ.

ಶುಕ್ರವಾರ ಕಾಕಾ ಮತ್ತು ನಾನು ನಿಪ್ಪಾಣಿಗೆ ಹೋದೆವು. ಅಲ್ಲಿ ಒಂದು ಬಿಡಿಭಾಗದ ಅಂಗಡಿ. ಅದರ ಮಾಲೀಕ ಕನ್ನಡದಲ್ಲಿ ಶುರು ಮಾಡಿದ ವಾಕ್ಯವನ್ನು ಮರಾಠಿಯಲ್ಲಿ ಮುಗಿಸಿ ಬೆಲೆಯನ್ನು ಮಾತ್ರ ಹಿಂದಿಯಲ್ಲಿ ಹೇಳುವ ಮನುಷ್ಯ. ಪ್ಯಾಡು ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ, ಅಂಗೈಯಗಲದ ಎರಡು ತುಂಡುಗಳು. ಡಿಸ್ಕು ಓಡುವ ಮಗು, ಪ್ಯಾಡು ಗಲ್ಲ ಹಿಡಿಯುವ ಅತ್ತೆ ಎಂದುಕೊಳ್ಳಿ.

"ಇದ ರೇಸಿನ ಪ್ಯಾಡ್ ನೋಡ್ರಿ," ಎಂದ ಅಂಗಡಿಯವನು, ಒಂದು ಪೆಟ್ಟಿಗೆಯನ್ನು ಮೂರ್ತಿಯಂತೆ ಎರಡೂ ಕೈಯಲ್ಲಿ ಎತ್ತಿ. "ಇದ ಹಾಕಿದ್ರ ಗಾಡಿ ಜಾಗಾದಾಗ ನಿಂದರತೈತಿ. ಒಳಗ ಕುಂತವ್ರ ಮುಂದ ಹೋಗ್ತಾರ, ಅದ ಬ್ಯಾರೆ ಮಾತ."

ಕಾಕಾನ ಕಣ್ಣು ಅರಳಿತು. ನಾನು ತಲೆಯಾಡಿಸಿದೆ. ರೇಸಿನ ಪ್ಯಾಡುಗಳ ಸ್ವಭಾವವನ್ನು ನಾನು ಓದಿಕೊಂಡಿದ್ದೆ. ಅವು ನಮ್ಮ ಸಂಬಂಧದಲ್ಲಿರುವ ಒಬ್ಬ ದೊಡ್ಡ ಮನುಷ್ಯರ ಹಾಗೆ: ಮೈ ಬಿಸಿಯಾಗುವ ತನಕ ಕೆಲಸಕ್ಕೆ ಏಳುವುದಿಲ್ಲ, ಬಿಸಿಯಾದರೆ ಹಿಡಿದದ್ದನ್ನು ಬಿಡುವುದಿಲ್ಲ, ಕೆಲಸ ಮಾಡುವಷ್ಟು ಹೊತ್ತೂ ಊರಿಗೆಲ್ಲ ಕೇಳುವಂತೆ ಕಿರುಚುತ್ತಾರೆ, ಕೊನೆಗೆ ಜೊತೆಗಿದ್ದವರನ್ನೇ ಸವೆಸಿ ಹಾಕುತ್ತಾರೆ. ಮುಂಜಾನೆಯ ತಣ್ಣನೆ ಗಾಡಿಯಲ್ಲಿ ಎಮ್ಮೆ ಅಡ್ಡ ಬಂದರೆ, 'ತಡಿ, ನನ್ನ ಪ್ಯಾಡ್ ಇನ್ನೂ ಬಿಸಿ ಆಗಿಲ್ಲ' ಎಂದು ಎಮ್ಮೆಗೆ ಹೇಳಲು ಬರುತ್ತದೆಯೆ? ಇನ್ನು ಕಂಪನಿಯ ಸಾದಾ ಪ್ಯಾಡುಗಳು ಒಳ್ಳೆಯ ಮನೆತನದ ಅಳಿಯನ ಹಾಗೆ, ಪೇಟೆಗೆ ಹೋಗಿ ಬರುವುದಕ್ಕೆ ಚಿನ್ನ. ಆದರೆ ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಒತ್ತಿದರೆ ಬಿಸಿ ತಾಳಲಾರದೆ ಕೈ ಚೆಲ್ಲಿಬಿಡುತ್ತವೆ. ಇವೆರಡರ ನಡುವೆ ಒಂದು ಜಾತಿ ಇದೆ: ರಸ್ತೆಯಲ್ಲಿ ತಣ್ಣಗಿದ್ದಾಗಲೂ ಹಿಡಿಯುತ್ತದೆ, ಟ್ರ್ಯಾಕಿನ ಬಿಸಿಯನ್ನೂ ಒಂದಷ್ಟು ತಾಳುತ್ತದೆ. ಹೊಸಬರಿಗೆ ಅದೇ ಸರಿ. ನಾನು ಅದನ್ನು ಕೇಳಿದೆ.

"ಡಿಸ್ಕರೆ ತೂತಿಂದ ತಗೋ," ಎಂದು ಕಾಕಾ ಗೋಗರೆದ. ಗೋಡೆಯ ಮೇಲೆ ತೂತುಗಳಿಂದ ಅಲಂಕೃತವಾದ ಒಂದು ಡಿಸ್ಕು ಹುಣ್ಣಿಮೆಯ ಹಾಗೆ ನೇತಾಡುತ್ತಿತ್ತು. "ಗಾಳಿ ಆಡತೈತಿ. ಮತ್ತ ನೋಡಾಕ ಎಷ್ಟ ಛಂದ ಐತಿ ನೋಡ."

"ತೂತಿನ ಅಂಚಿನಿಂದನ ಬಿರುಕ ಬಿಡತೈತಿ ಕಾಕಾ. ಬಿಸಿ ಹಿಡಿದು ಇಟಗೊಳ್ಳಾಕ ಮೈತುಂಬ ಕಬ್ಬಿಣ ಬೇಕ. ಸಾದಾದ ಬೇಕ."

"ಈಕೀ ಲಗ್ನಾನೂ ಹಿಂಗ ಮಾಡಕೋತಾಳ ನೋಡ್ರಿ," ಎಂದು ಕಾಕಾ ಅಂಗಡಿಯವನಿಗೆ ಹೇಳಿದ. "ಛಂದ ಇದ್ದವ್ರನ್ನ ಬಿಟ್ಟ, ಬಿಸಿ ತಾಳೂ ಹುಡುಗನ್ನ ಹುಡಕತಾಳ."

ನಿಜ ಹೇಳುತ್ತೇನೆ, ನನ್ನ ಮನಸ್ಸೂ ಆ ತೂತಿನ ಹುಣ್ಣಿಮೆಯಲ್ಲೇ ಇತ್ತು. ಆದರೂ ಎರಡು ಸಾದಾ ಡಿಸ್ಕು, ಎರಡು ಜೊತೆ ಮಧ್ಯಮ ವರ್ಗದ ಪ್ಯಾಡು, ಜೊತೆಗೆ ಒಂದು ಬಾಟಲಿ ಹೊಸ ಬ್ರೇಕ್ ಆಯಿಲು ಕಟ್ಟಿಸಿಕೊಂಡೆವು. ಹಳೆಯ ಆಯಿಲು ಗಾಳಿಯಿಂದ ನೀರು ಕುಡಿಯುತ್ತದೆಯಂತೆ, ಬಿಸಿಯಾದಾಗ ಆ ನೀರು ಕುದ್ದು ಪೆಡಲು ಹತ್ತಿಯ ಗಾದಿಯಾಗುತ್ತದೆಯಂತೆ. ಪ್ಯಾಡು ಬದಲಿಸದಿದ್ದರೂ ಇದನ್ನು ಬದಲಿಸಬೇಕು ಎನ್ನುತ್ತಾರೆ ತಿಳಿದವರು. ವಾಪಸು ಬರುವಾಗ ಡಿಸ್ಕುಗಳನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಚಿಕ್ಕೋಡಿ ದಾಟಿ, ಅಂಕಲಿಯ ಹತ್ತಿರ ಹೊಳೆ ಕಂಡಾಗ, ನೀರಿನ ಮೇಲೆ ಮಧ್ಯಾಹ್ನದ ಬಿಸಿಲು ಮಲಗಿತ್ತು. ನನ್ನ ತೊಡೆಯ ಮೇಲಿನ ಕಬ್ಬಿಣದಲ್ಲೂ ಅದೇ ಬಿಸಿಲಿನ ಒಂದು ತುಣುಕು ಸುತ್ತುತ್ತಿತ್ತು.

ಓಡುವ ಗಾಡಿ ನಿಂತಾಗ ಆ ಓಟ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆ ಅಂದು ದಾರಿಯುದ್ದಕ್ಕೂ ನನ್ನನ್ನು ತಿಂದಿತು. ಪುಸ್ತಕ ಕೊಡುವ ಉತ್ತರ ಗೊತ್ತು: ಓಟ ಬಿಸಿಯಾಗುತ್ತದೆ, ಬಿಸಿ ಡಿಸ್ಕಿಗೆ ಹೋಗುತ್ತದೆ, ಡಿಸ್ಕು ಗಾಳಿಗೆ ಕೊಡುತ್ತದೆ. ಅಂದರೆ ನಿಂತ ಓಟ ಸಾಯುವುದಿಲ್ಲ, ಯಾರೋ ಒಬ್ಬರು ಅದನ್ನು ಮೈಮೇಲೆ ತೆಗೆದುಕೊಳ್ಳುತ್ತಾರೆ. ನಮ್ಮ ಆಯಿ ದಿನವೂ ಸಾಮಾಯಿಕಕ್ಕೆ, ಅಂದರೆ ನಮ್ಮ ಜೈನರ ಧ್ಯಾನಕ್ಕೆ, ಕೂರುತ್ತಾಳೆ. ಒಂದು ಮುಹೂರ್ತದ ಹೊತ್ತು ಅಲುಗಾಡದೆ, ಮಾತಿಲ್ಲದೆ, ನೊಣ ಮೂಗಿನ ಮೇಲೆ ಕೂತರೂ ಓಡಿಸದೆ. ಮಗುವಾಗಿದ್ದಾಗ ನಾನು ಅವಳ ಸುತ್ತ ಓಡಿ ಓಡಿ, ಕಿವಿಯಲ್ಲಿ ಊದಿ, ಅವಳನ್ನು ಅಲುಗಿಸಲು ನೋಡುತ್ತಿದ್ದೆ. ಅವಳು ಅಲುಗುತ್ತಿರಲಿಲ್ಲ, ಎದ್ದ ಮೇಲೆ ಬೈಯುತ್ತಲೂ ಇರಲಿಲ್ಲ. ನನ್ನ ಅಷ್ಟೆಲ್ಲ ಓಟ ಅವಳೊಳಗೆ ಎಲ್ಲಿಗೆ ಹೋಗುತ್ತಿತ್ತೋ! ನಮ್ಮ ಮನೆಯಲ್ಲಿ ಅತ್ಯುತ್ತಮ ಬ್ರೇಕು ಇರುವುದು ಆಯಿಗೇ ಎಂದು ಅಂದು ತೀರ್ಮಾನಿಸಿದೆ. ಆಮೇಲೆ, ತೊಳೆಯಲೆಂದು ನಾನು ಅಡುಗೆಮನೆಯಲ್ಲಿ ಇಟ್ಟಿದ್ದ ಡಿಸ್ಕನ್ನು ಅವಳು ಒಲೆಯ ಮೇಲಿಟ್ಟಳು, ತೀರ್ಮಾನ ಸ್ವಲ್ಪ ಸಡಿಲವಾಯಿತು.

ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ತಯಾರಿಸಿದವರು ಎಣ್ಣೆ ಸವರಿ ಕಳಿಸುತ್ತಾರೆ. ಹಾಕುವ ಮೊದಲು ಅದನ್ನು ತೊಳೆದು, ಚೆನ್ನಾಗಿ ಒಣಗಿಸಬೇಕು. ಎಣ್ಣೆಯ ಒಂದು ಹನಿ ಉಳಿದರೂ ಪ್ಯಾಡು ಅದನ್ನು ಹೀರಿಕೊಂಡು ಹಾಳಾಗುತ್ತದೆ. ನಾನು ಪಾತ್ರೆ ಸಾಬೂನಿನಿಂದ ಎಷ್ಟು ತಿಕ್ಕಿದೆನೆಂದರೆ, ಆಯಿ ಬಂದು "ಇಷ್ಟ ಚಲೋತಂಗ ನಮ್ಮ ಗಡಿಗಿ ಒಂದ ದಿನಾ ತಿಕ್ಕಿಲ್ಲ" ಎಂದು ನಿಟ್ಟುಸಿರು ಬಿಟ್ಟು ಹೋದಳು. ಇನ್ನು ಒಣಗಿಸುವುದು. ಬೇರೆ ಮನೆಯವರಾದರೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಡುತ್ತಿದ್ದರು. ನಾವು ಒಣದ್ರಾಕ್ಷಿಯವರು. ನಮ್ಮಲ್ಲಿ ಒಣಗಬೇಕಾದದ್ದೆಲ್ಲ ಹೋಗುವುದು ಒಂದೇ ಜಾಗಕ್ಕೆ. ತೋಟದ ಮೂಲೆಯಲ್ಲಿ ಉದ್ದನೆಯ ಶೆಡ್ಡು. ಮೇಲೆ ತಗಡು, ಸುತ್ತ ಹಸಿರು ಬಲೆ, ಒಳಗೆ ತಂತಿಯ ಜಾಳಿಗೆಯ ರ‍್ಯಾಕುಗಳು ಒಂದರ ಮೇಲೊಂದು. ದ್ರಾಕ್ಷಿಯ ಜೊತೆಗೇ ಆಯಿಯ ಸಂಡಿಗೆ ಅಲ್ಲಿ ಒಣಗುತ್ತದೆ, ಮಳೆಗಾಲದಲ್ಲಿ ನನ್ನ ಶಾಲೆಯ ಸಮವಸ್ತ್ರ ಅಲ್ಲಿ ಒಣಗಿದೆ, ನೀರಿನ ತೊಟ್ಟಿಯಲ್ಲಿ ಬಿದ್ದ ಕಾಕಾನ ಮೊಬೈಲು ಅಲ್ಲಿ ಒಣಗಿ ಮತ್ತೆ ಮಾತಾಡಿದೆ. ಡಿಸ್ಕು ಎರಡನ್ನೂ ಕೆಳಗಿನ ರ‍್ಯಾಕಿನಲ್ಲಿ ದ್ರಾಕ್ಷಿಯ ಪಕ್ಕ ಮಲಗಿಸಿದೆ. ಪ್ಯಾಡುಗಳಿಗೂ ತೇವ ತಾಗಿರಬಹುದೆಂದು, ಅತಿಬುದ್ಧಿಯಿಂದ, ಪೆಟ್ಟಿಗೆ ತೆರೆದು ಅವನ್ನೂ ಬಗಲಲ್ಲೇ ಸಾಲಾಗಿ ಇಟ್ಟೆ.

ಆಮೇಲೆ ಅಲ್ಲೇ ನೆಲದ ಮೇಲೆ ಮಲಗಿದೆ. ಆ ಶೆಡ್ಡಿನ ಒಳಗೆ ಸಂಜೆಯ ಹೊತ್ತು ಮಲಗಿದವರಿಗೆ ಮಾತ್ರ ಗೊತ್ತು: ಬಲೆಯಿಂದ ಸೋಸಿ ಬರುವ ಬೆಳಕು ಹಸಿರಾಗಿರುತ್ತದೆ, ಗಾಳಿಗೆ ಬೆಲ್ಲದ ವಾಸನೆ ಇರುತ್ತದೆ, ಹಣ್ಣು ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತ ಸಿಹಿಯನ್ನು ಮಾತ್ರ ಉಳಿಸಿಕೊಳ್ಳುತ್ತ ಸದ್ದಿಲ್ಲದೆ ಚಿಕ್ಕದಾಗುತ್ತಿರುತ್ತದೆ. ಉದುರಿದ ದ್ರಾಕ್ಷಿಗಳನ್ನು ಆರಿಸಿ ನೆಲದ ಮೇಲೆ ಟ್ರ್ಯಾಕಿನ ನಕ್ಷೆ ಹಾಕಿದೆ. ಇಲ್ಲಿ ನೇರ ದಾರಿ, ಇಲ್ಲಿ ಬಲ ತಿರುವು, ಇಲ್ಲಿ ಕಾಲು ಎತ್ತಬೇಕು, ಇಲ್ಲಿ ಒತ್ತಬೇಕು, ಒತ್ತುತ್ತ ಒತ್ತುತ್ತ ಮೆಲ್ಲಗೆ ಬಿಡಬೇಕು, ಆಗ ಗಾಡಿ ತಾನಾಗಿ ಬಾಗಿ ತಿರುವಿನೊಳಗೆ ಸುರಿಯುತ್ತದೆ, ಕೊಡದಿಂದ ನೀರು ಸುರಿದ ಹಾಗೆ. ಬೆರಳನ್ನೇ ಗಾಡಿಯಾಗಿಸಿ ಸುತ್ತುತ್ತಿದ್ದೆ. ಆಯಿ ಊಟಕ್ಕೆ ಕರೆಯಲು ಬಂದವಳು, ಹೊತ್ತು ಮುಳುಗುವ ಮೊದಲು ಉಣ್ಣಬೇಕು ಎಂದು ಗದರುತ್ತಲೇ, ಬಗ್ಗಿ ನನ್ನ ಮೂರನೆಯ ತಿರುವನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.

ಶನಿವಾರ ಮಧ್ಯಾಹ್ನ ಅಪ್ಪ ದ್ರಾಕ್ಷಿ ಸಾಲಿನ ಕಡೆ ಹೋದ ಮೇಲೆ ನಾನೂ ಕಾಕಾನೂ ಗಾಡಿಯನ್ನು ಶೆಡ್ಡಿನ ಮುಂದೆ ಜಾಕಿನ ಮೇಲೆ ಏರಿಸಿದೆವು. ಅವ್ವ ರಾಯಬಾಗದ ತವರಿಗೆ ಹೋಗಿದ್ದಳು. ಇಲ್ಲದಿದ್ದರೆ ಇಷ್ಟು ದೂರ ಕಥೆ ಬರುತ್ತಲೇ ಇರಲಿಲ್ಲ. ಡಿಸ್ಕುಗಳು ರ‍್ಯಾಕಿನಲ್ಲಿ ಕನ್ನಡಿಯ ಹಾಗೆ ಮಿನುಗುತ್ತಿದ್ದವು.

"ಹೆಂಗ ಹೊಳಿಯಾಕತ್ತಾವ ನೋಡ ಕಾಕಾ," ಎಂದೆ ನಾನು, ನನ್ನ ತೊಳೆತಕ್ಕೆ ನಾನೇ ಮೆಚ್ಚಿ.

"ಹೊಸಾದ್ದ ಅಂದ ಮ್ಯಾಲ ಹೊಳಿಯೂದ ಬಿಡ," ಎಂದ ಕಾಕಾ.

ಹಳೆಯ ಪ್ಯಾಡುಗಳನ್ನು ಅವನು ಅಂದೇ ಬಂದಿದ್ದ ಗುಜರಿಯವನಿಗೆ ಕೊಟ್ಟು ಕೈ ತೊಳೆದುಕೊಂಡ. ಆಯಿಲು ಬದಲಿಸಿದೆವು. ಈ ಸಲ ಒಂದೂ ನಟ್ಟು ಉಳಿಯಲಿಲ್ಲ. ಕಾಕಾನಿಗೇ ಗಾಬರಿಯಾಗಿ ಎರಡು ಸಲ ಹುಡುಕಿದ. ಇನ್ನು ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸುವುದು ಬಾಕಿ. ಹೊಸ ಹಂಚನ್ನು ಹದ ಮಾಡಿದಂತೆಯೇ ಇದು: ಸಾಧಾರಣ ವೇಗದಿಂದ ಬ್ರೇಕ್ ಒತ್ತಿ ನಿಧಾನವಾಗಿಸಬೇಕು, ಪೂರ್ತಿ ನಿಲ್ಲಿಸಬಾರದು, ಬಿಡಬೇಕು, ಮತ್ತೆ ಒತ್ತಬೇಕು, ಹೀಗೆ ಹಲವು ಸಲ ಮಾಡಿ, ಆಮೇಲೆ ಆರಲು ಬಿಡಬೇಕು. ತೋಟದ ಉದ್ದ ಹಾದಿಯಲ್ಲಿ ನಾನು ಸ್ಟೇರಿಂಗ್ ಹಿಡಿದೆ, ಕಾಕಾ ಪಕ್ಕದಲ್ಲಿ ಕಲಿಸುವವರ ಗತ್ತಿನಲ್ಲಿ ಕೂತ. ವೇಗ ಬಂತು. ಒತ್ತಿದೆ.

ಪೆಡಲು ಗಟ್ಟಿಯಾಗಿತ್ತು. ಗಾಡಿ ನನ್ನ ಮಾತನ್ನು ಕೇಳಿಸಿಕೊಂಡಿತು, ಆದರೆ ಒಪ್ಪಲಿಲ್ಲ. ಮೋಡದ ಮೇಲೆ ಜಾರಿದ ಹಾಗೆ, ಬಹಳ ಸೊಗಸಾಗಿ, ಯಾವ ಅವಸರವೂ ಇಲ್ಲದೆ ಮುಂದೆ ಹೋಗುತ್ತಲೇ ಇತ್ತು.

"ಒತ್ತ!"

"ಒತ್ತೇನಿ!"

"ಇನ್ನೂ ಒತ್ತ ಬೇ!"

"ಇನ್ನ ಒತ್ತಿದ್ರ ಕಾಲ ನೆಲಕ್ಕ ಹತ್ತತೈತಿ!"

ಕಾಕಾ ಕೈಬ್ರೇಕನ್ನು ಎರಡೂ ಕೈಯಲ್ಲಿ ಎಳೆದ. ಗಾಡಿ ಖಾಲಿ ಕ್ರೇಟುಗಳ ರಾಶಿಯೊಳಗೆ ಮೆತ್ತಗೆ ಮೂಗು ತೂರಿಸಿ ನಿಂತಿತು. ಆಯಿ ಬಾಗಿಲಿಗೆ ಬಂದಳು. ನಮ್ಮಿಬ್ಬರ ಮುಖ ನೋಡಿದಳು, ಚಕ್ರದೊಳಗಿಂದ ಬರುತ್ತಿದ್ದ ಹೊಗೆಯ ವಾಸನೆ ನೋಡಿದಳು.

"ಇದ ನಮ್ಮ ಬೇದಾಣಿ ಎಣ್ಣಿ ವಾಸನಿ ಅಲ್ಲೇನ?" ಎಂದಳು. "ಮುಂಜಾನೆ ನಿಮ್ಮಪ್ಪ ರ‍್ಯಾಕಿಗೆಲ್ಲಾ ಹೊಡ್ದಾನಲ್ಲ."

ಬೇದಾಣಿ ಎಂದರೆ ನಮ್ಮ ಒಣದ್ರಾಕ್ಷಿಯೇ. ದ್ರಾಕ್ಷಿ ಬೇಗ ಒಣಗಲೆಂದು, ರ‍್ಯಾಕಿಗೆ ಹಾಕಿದ ಮೇಲೂ ಒಂದೆರಡು ಸಲ ಎಣ್ಣೆ ಬೆರೆಸಿದ ನೀರನ್ನು ಪಂಪಿನಿಂದ ಸಿಂಪಡಿಸುತ್ತಾರೆ. ಬೆನ್ನಿಗೆ ಪಂಪು ಕಟ್ಟಿಕೊಂಡ ಅಪ್ಪ, ಮೇಲಿನ ರ‍್ಯಾಕಿನಿಂದ ಕೆಳಗಿನವರೆಗೆ, ಒಂದು ಕಾಳನ್ನೂ ಬಿಡದೆ ಹೊಡೆಯುವವನು. ನನ್ನ ಪ್ಯಾಡುಗಳನ್ನೂ ಬಿಟ್ಟಿರಲಿಲ್ಲ. ನಾನು ಮೆಚ್ಚಿದ ಹೊಳಪು ಅದೇ.

ಕಾಕಾ ಗಾಡಿಯನ್ನು ಕೈಬ್ರೇಕಿನ ಮೇಲೆ ತೆವಳಿಸಿಕೊಂಡು ಅಂಗಳಕ್ಕೆ ತಂದ. ಪ್ಯಾಡು ಮುಗಿದ ಕಥೆ. ಎಣ್ಣೆ ಕುಡಿದದ್ದು ಮತ್ತೆ ಕಕ್ಕುವುದಿಲ್ಲ. ಆದರೆ ನನ್ನ ಭಾನುವಾರ ಇನ್ನೂ ಬದುಕಿತ್ತು. ಡಿಸ್ಕನ್ನು ಮತ್ತೆ ತೊಳೆಯಬಹುದು. ಹಳೆಯ ಪ್ಯಾಡನ್ನು ಗುಜರಿಯವನಿಂದ ವಾಪಸು ತಂದು, ಮುಂಜಾನೆಯೊಳಗೆ ಹಾಕಿ, ಪರೀಕ್ಷೆ ಮಾಡುವವರ ಮುಂದೆ ಒಂದು ಒಳ್ಳೆಯ ನಗೆ ನಕ್ಕರೆ, ಯಾರಿಗೆ ಗೊತ್ತು? ಒಂದೇ ಸುತ್ತಾದರೂ ಸಾಕಾಗಿತ್ತು ನನಗೆ. "ಗುಜರಿ ಗಾಡಿ ಕಾಗವಾಡ ದಾಟಿರಂಗಿಲ್ಲ," ಎಂದು ಕಾಕಾ ತನ್ನ ಬೈಕು ಹತ್ತಿ ಧೂಳೆಬ್ಬಿಸಿಕೊಂಡು ಹೋದ. ನಾನು ಬಕೆಟ್ಟು, ಸಾಬೂನು ತಂದು ಗಾಡಿಯ ಪಕ್ಕ ಕೂತೆ. ಬಿಸಿಲು ಇಳಿಯುತ್ತಿತ್ತು. ಸಾಬೂನಿನ ಗುಳ್ಳೆಗಳಲ್ಲಿ ಸಣ್ಣ ಸಣ್ಣ ಟ್ರ್ಯಾಕುಗಳು ಬಣ್ಣ ಬಣ್ಣವಾಗಿ ತಿರುಗುತ್ತಿದ್ದವು, ಒಂದೊಂದರ ಒಳಗೂ ನಾನು ಹೆಲ್ಮೆಟ್ಟು ಹಾಕಿಕೊಂಡು ಕೂತಿದ್ದೆ.

ಆಗ ಅಪ್ಪ ಬಂದ.

ಕಾಲು ತೊಳೆದುಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು, ಕೈಯಲ್ಲಿ ಒಣದ್ರಾಕ್ಷಿಯ ಮಾದರಿಯ ಚೀಲ ಹಿಡಿದು ಬಂದ. ಸಾಂಗಲಿಯಿಂದ ಯಾರೋ ವ್ಯಾಪಾರಿ ಕಾಗವಾಡಕ್ಕೆ ಬಂದಿದ್ದಾನಂತೆ, ಹೊತ್ತು ಮುಳುಗುವುದರೊಳಗೆ ಮಾಲು ತೋರಿಸಬೇಕಂತೆ. ಚೀಲವನ್ನು ಸೀಟಿನ ಮೇಲಿಟ್ಟು, ನನ್ನ ಬಕೆಟ್ಟು ನೋಡಿ ಅವನ ಮುಖ ಬೆಳಗಿತು.

"ಆತೇನ ಬ್ರೇಕ್ ಹಾಕೂದ? ತೊಳ್ಯಾಕೂ ಹತ್ತೀದಿ! ಕೆನಾಲ ಇಳಕಲಿನ್ಯಾಗ ಒಮ್ಮೆ ಜೋರ ಹೋಗಿ ಹಿಡದ ನೋಡತೀನಿ. ಮಗಳ ಹಾಕಿಸಿದ ಬ್ರೇಕ್."

"ಅಪ್ಪಾ, ಗಾಡಿ ಬ್ಯಾಡ್ರಿ. ಪಂಕ್ಚರ ಆಗೈತಿ."

ಅಪ್ಪ ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ನಾಲ್ಕೂ ಗಾಲಿ ಹೊಟ್ಟೆ ತುಂಬ ಉಂಡವರ ಹಾಗೆ ಕೂತಿದ್ದವು.

"ಎಲ್ಲಿ ಬೇ?"

"ಪಂಕ್ಚರ ಅಲ್ಲ. ಪೆಟ್ರೋಲ್ ಇಲ್ಲ."

ಅಪ್ಪ ನಗುತ್ತ ಒಳಗೆ ಕೂತು ಕೀಲಿ ತಿರುಗಿಸಿದ. ಪೆಟ್ರೋಲಿನ ಮುಳ್ಳು ನನ್ನ ಮಾನ ಕಳೆಯುತ್ತ ಮೇಲಕ್ಕೆದ್ದಿತು. ಇಂಜಿನ್ ಶುರುವಾಯಿತು. ಅವನು ಕೈಬ್ರೇಕಿನ ಮೇಲೆ ಕೈ ಇಟ್ಟ. ಆ ಇಳಕಲು ನಿಮಗೆ ಗೊತ್ತಿಲ್ಲ. ಕೆನಾಲಿನ ದಂಡೆಯಿಂದ ನೇರ ಕೆಳಗೆ ಇಳಿದು, ಹೆದ್ದಾರಿಗೆ ಅಡ್ಡವಾಗಿ ಮುಗಿಯುತ್ತದೆ, ಮತ್ತು ಹೆದ್ದಾರಿಯಲ್ಲಿ ಆ ಹೊತ್ತು ಕಬ್ಬಿನ ಟ್ರೇಲರುಗಳು ಒಂದರ ಹಿಂದೊಂದು.

ನಾನು ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಿಂತುಬಿಟ್ಟೆ. ಕೈಯಿಂದ ಸಾಬೂನಿನ ನೊರೆ ಇಳಿಯುತ್ತಿತ್ತು.

"ಅಪ್ಪಾ, ಇಳೀರಿ. ಬ್ರೇಕ್ ಹಿಡಿಯಂಗಿಲ್ಲ. ಪ್ಯಾಡ್ ರ‍್ಯಾಕಿನ್ಯಾಗ ಇಟ್ಟಿದ್ನಿ, ನೀವು ಎಣ್ಣಿ ಹೊಡದೀರಿ. ಇಳೀರಿ ಅಪ್ಪಾ."

ಇಂಜಿನ್ ನಿಂತಿತು. ಅಪ್ಪ ಇಳಿದು ಬಂದು, ಬಗ್ಗಿ ಚಕ್ರದ ಸಂದಿಯಲ್ಲಿ ಬೆರಳು ಹಾಕಿ, ಮೂಸಿ, ತನ್ನದೇ ಎಣ್ಣೆಯನ್ನು ಗುರುತು ಹಿಡಿದ. ಅವನ ಧ್ವನಿ ಬೈಯುವ ಧ್ವನಿ ಆಗಿರಲಿಲ್ಲ. ಆಗಿದ್ದರೆ ಎಷ್ಟು ಚೆನ್ನಾಗಿತ್ತು.

"ಆಗಲಿ ಬಿಡ, ನಂದೂ ತಪ್ಪ ಐತಿ, ನೋಡಿ ಹೊಡೀಬೇಕಾಗಿತ್ತ. ಆದರ ಇವತ್ತ ಹಾಕಬೇಕ ಅಂತ ಇಷ್ಟ ಗಡಿಬಿಡಿ ಯಾಕ ಮಾಡಿದೆವ್ವಾ? ನನ್ನ ಸಲುವಾಗೇನ?"

ಹೌದು ಎನ್ನಬಹುದಿತ್ತು. ಆ ಒಂದು ಮಾತು ಹೇಳಿದ್ದರೆ ಅಪ್ಪ ಅದನ್ನೂ ಡೇರಿಗೆ ಒಯ್ದು ಹೇಳುತ್ತಿದ್ದ, ಕಾಕಾ ಪ್ಯಾಡು ತರುತ್ತಿದ್ದ, ಮುಂಜಾನೆ ನಾವು ಏನೋ ನೆಪ ಹೇಳಿ ಕೊಗನೊಳ್ಳಿಯ ದಾರಿ ಹಿಡಿಯುತ್ತಿದ್ದೆವು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಸಿಹಿಯಾಗಿ, ಸಿದ್ಧವಾಗಿ. ನಾನು ಅಪ್ಪನ ಇಸ್ತ್ರಿಯ ಅಂಗಿ ನೋಡಿದೆ. ಅವನ ಬೆರಳ ತುದಿಯ ಎಣ್ಣೆ ನೋಡಿದೆ.

"ಅಲ್ರಿ," ಎಂದೆ. "ನಾಳೆ ಕೊಲ್ಲಾಪುರ ಕಡೆ ರೇಸಿನ ಜಾಗಾಕ್ಕ ಹೋಗೂದಿತ್ತ. ನಿಮಗ ಹೇಳಲಾರದ. ಬ್ರೇಕ್ ಅದರ ಸಲುವಾಗಿ ಕೇಳಿದ್ನಿ."

ಅಪ್ಪ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡ, ಒಂದೊಂದೇ ಬೆರಳನ್ನು. ಸೀಟಿನ ಮೇಲಿನ ಚೀಲ ಎತ್ತಿಕೊಂಡ. ಬಾಗಿಲು ಹಾಕಿ, ಕೀಲಿಯನ್ನು ಅಂಗಿಯ ಜೇಬಿಗೆ ಇಳಿಬಿಟ್ಟ. ಜೇಬಿನೊಳಗೆ ಕೀಲಿ ಬಿದ್ದ ಸದ್ದು ಅಷ್ಟು ದೂರ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಗೋಡೆಗೆ ಒರಗಿಸಿದ್ದ ತನ್ನ ಹಳೆಯ ಬೈಕನ್ನು ಹೊರಗೆಳೆದು, ಚೀಲವನ್ನು ಮುಂದೆ ಇಟ್ಟುಕೊಂಡು, ಕಿಕ್ ಹೊಡೆದ ಮೇಲೆ ಮಾತ್ರ ನನ್ನ ಕಡೆ ತಿರುಗಿದ.

"ನಾಳೆ ಮೂರನೇ ರ‍್ಯಾಕಿನ ಮಾಲ ಇಳಸೂದೈತಿ. ಲಗೂನ ಏಳ."

ಹೋದ. ನಾನು ಅಂಗಳದ ಅಂಚಿಗೆ ಓಡಿಹೋಗಿ ನಿಂತೆ. ಕೆನಾಲಿನ ದಂಡೆಯ ಮೇಲೆ ಅಪ್ಪನ ಬೆನ್ನು ಚಿಕ್ಕದಾಗುತ್ತ ಹೋಯಿತು, ಇಳಕಲಿನ ನೆತ್ತಿಗೆ ಬಂತು. ಆ ಇಳಕಲಿನಲ್ಲಿ ಅಪ್ಪ ಬೈಕನ್ನು ಯಾವಾಗಲೂ ಸುಮ್ಮನೆ ಹರಿಯಬಿಡುತ್ತಾನೆ. ಕೆಳಗೆ ಹೆದ್ದಾರಿ ಹತ್ತಿರವಾಗುವ ತನಕ ಬ್ರೇಕ್ ಮುಟ್ಟುವುದನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಅಂದು, ನಾನು ನೋಡುತ್ತ ನಿಂತಿರುವುದು ಗೊತ್ತಿದ್ದ ಹಾಗೆ, ನೆತ್ತಿಯಲ್ಲೇ ಬ್ರೇಕಿನ ಕೆಂಪು ದೀಪ ಹೊತ್ತಿಕೊಂಡಿತು. ಹೊತ್ತಿಕೊಂಡದ್ದು ಆರಲಿಲ್ಲ. ಕಬ್ಬಿನ ಗರಿಗಳ ನಡುವೆ, ಮೆಲ್ಲಗೆ, ಬಹಳ ಮೆಲ್ಲಗೆ, ಹೆದ್ದಾರಿ ಮುಟ್ಟುವ ತನಕ ಉರಿಯುತ್ತಲೇ ಇಳಿಯಿತು.